ಗಡಿ ದಾಟುವ ಪ್ರಯಾಣ: ಪ್ರಾದೇಶಿಕ ಸಾರಿಗೆ ಯೋಜನೆಯನ್ನು ಎಲ್ಲಿ ಪರೀಕ್ಷಿಸಬೇಕು?

ಪ್ರಾದೇಶಿಕ ಸಾರಿಗೆ ಯೋಜನೆಯ ಕಡತಗಳಲ್ಲಿ ಜನರನ್ನು ನಾಲ್ಕು ಗುಂಪು ಮಾಡುವ ರೂಢಿಯಿದೆ: ವಾಹನ ಚಾಲಕರು, ಸೈಕಲ್ ಸವಾರರು, ಪಾದಚಾರಿಗಳು, ಬಸ್ಸು ರೈಲುಗಳ ಪ್ರಯಾಣಿಕರು. ಒಂದೊಂದು ಗುಂಪಿಗೂ ಒಂದು ಅಧ್ಯಾಯ, ಒಂದು ನಕ್ಷೆ, ಒಂದು ಅಂದಾಜು ವೆಚ್ಚ. ಹಿಂದೆ ನಿಂತಿರುವ ಇಲಾಖೆಗಳೂ ಬೇರೆ ಬೇರೆ. ಮೊದಲ ತಪ್ಪು ನುಸುಳುವುದು ಈ ವಿಂಗಡಣೆಯಲ್ಲೇ. ಮನೆಯಿಂದ ನಡೆದು ನಿಲ್ದಾಣ ತಲುಪುವಾಕೆ, ಅಲ್ಲಿ ರೈಲು ಹತ್ತುವಾಕೆ, ರಜೆಯ ದಿನ ವಯಸ್ಸಾದ ತಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಡುವಾಕೆ ಒಬ್ಬಳೇ ಆಗಿರಬಹುದು. ಕಾರು ನಿಲ್ಲಿಸಿ ಕಾಲು ಕೆಳಗಿಟ್ಟ ಕ್ಷಣದಿಂದ ಚಾಲಕನೂ ಪಾದಚಾರಿಯೇ. ಆದರೂ ಸಾರ್ವಜನಿಕ ಸಭೆಗಳಲ್ಲಿ ಈ ನಾಲ್ಕು ಗುಂಪುಗಳು ಪರಸ್ಪರರ ಪಾಲು ಕಸಿಯಲು ಬಂದವರಂತೆ ಎದುರುಬದುರು ಕೂರುತ್ತವೆ, ಯೋಜನೆಯೂ ಅವರ ನಡುವಿನ ಪಂಚಾಯಿತಿಯಾಗಿ ಮುಗಿಯುತ್ತದೆ.

ಎರಡನೆಯ ವಿಭಜನೆ ನಕ್ಷೆಯ ಮೇಲಿನದು. ಮನೆ ಒಂದು ಸ್ಥಳೀಯ ಸಂಸ್ಥೆಯ ವ್ಯಾಪ್ತಿಯಲ್ಲಿ, ಕೆಲಸ ಮತ್ತೊಂದರಲ್ಲಿ, ಮಗಳ ಕಾಲೇಜು ಮೂರನೆಯದರಲ್ಲಿ. ಪ್ರಯಾಣಕ್ಕೆ ಈ ಗೆರೆಗಳ ಹಂಗಿಲ್ಲ, ಆದರೆ ಹಣಕ್ಕೆ, ಅಧಿಕಾರಕ್ಕೆ, ಟಿಕೆಟ್ಟಿಗೆ ಇದೆ. ಹಾಗಾಗಿ ಸೈಕಲ್ ಪಥ ಗಡಿಗೆ ಬಂದು ಮುಗಿದುಹೋಗುತ್ತದೆ, ಆಚೆಯ ಬಸ್ಸು ಈಚೆಯ ಪಾಸನ್ನು ಒಪ್ಪುವುದಿಲ್ಲ, ಎರಡು ಊರುಗಳ ನಡುವಿನ ಹೆದ್ದಾರಿಯ ಅಂಚಿನಲ್ಲಿ ನಡೆಯುವವನಿಗೆ ಕಾಲಿಡಲೂ ಜಾಗವಿರುವುದಿಲ್ಲ. ಆ ಜಾಗ ಯಾರ ಜವಾಬ್ದಾರಿ ಎಂದು ಕೇಳಿದರೆ ಎರಡೂ ಕಚೇರಿಗಳು ಪಕ್ಕದ ಕಚೇರಿಯತ್ತ ಬೆರಳು ತೋರಿಸುತ್ತವೆ.

ನನ್ನ ವಾದ ಇಷ್ಟು: ಪ್ರಾದೇಶಿಕ ಯೋಜನೆಯನ್ನು ಅದು ಕಟ್ಟುವ ರಸ್ತೆ, ಹಳಿ, ಪಥಗಳ ಉದ್ದದಿಂದ ಅಳೆಯಬಾರದು. ಪ್ರಯಾಣದ ತುಂಡುಗಳು ಒಂದಕ್ಕೊಂದು ಕೂಡುವ ಜಾಗಗಳಲ್ಲಿ, ಅಂದರೆ ನಿಲ್ದಾಣದ ಬಾಗಿಲಲ್ಲಿ, ರಸ್ತೆ ದಾಟುವಲ್ಲಿ, ಆಡಳಿತದ ಗಡಿಯಲ್ಲಿ, ಒಂದು ವಾಹನದಿಂದ ಇನ್ನೊಂದಕ್ಕೆ ಬದಲಾಗುವ ಹೊತ್ತಿನಲ್ಲಿ ಅದನ್ನು ಪರೀಕ್ಷಿಸಬೇಕು. ಹೀಗೆ ನೋಡತೊಡಗಿದರೆ ಮೊದಲು ಮಾಡಬೇಕಾದ ಕೆಲಸಗಳ ಪಟ್ಟಿಯೇ ಬದಲಾಗುತ್ತದೆ.

ಅಳತೆಗೋಲು ಯಾರದು?

1965ರಲ್ಲಿ ಪ್ರಕಟವಾದ ಅಮೆರಿಕದ ಹೆದ್ದಾರಿ ಸಾಮರ್ಥ್ಯ ಕೈಪಿಡಿಯ ಎರಡನೆಯ ಆವೃತ್ತಿ ರಸ್ತೆಗಳಿಗೆ 'ಎ'ಯಿಂದ 'ಎಫ್'ವರೆಗೆ ಶ್ರೇಣಿ ಕೊಡುವ ಪದ್ಧತಿಯನ್ನು ತಂದಿತು. ವಾಹನಗಳು ಅಡೆತಡೆಯಿಲ್ಲದೆ ಸಾಗಿದರೆ 'ಎ', ಕಟ್ಟಿಕೊಂಡು ನಿಂತರೆ 'ಎಫ್'. ಶಾಲೆಯ ಅಂಕಪಟ್ಟಿಯನ್ನು ಹೋಲುವ ಈ ಶ್ರೇಣಿ ಎಷ್ಟು ಸುಲಭವಾಗಿ ಅರ್ಥವಾಯಿತೆಂದರೆ ಅದು ಆ ದೇಶದ ಆಚೆಗೂ ಹಬ್ಬಿತು, ದಶಕಗಳ ಕಾಲ ಎಂಜಿನಿಯರುಗಳ ಕೈ ಹಿಡಿದು ನಡೆಸಿತು. ಅದರ ಮೂಲ ರೂಪದಲ್ಲಿ ಲೆಕ್ಕಕ್ಕೆ ಬರುತ್ತಿದ್ದುದು ವಾಹನಗಳು, ವಾಹನದೊಳಗಿನ ಜನರಲ್ಲ. ಐವತ್ತು ಜನ ತುಂಬಿದ ಬಸ್ಸಿನ ವಿಳಂಬ, ಒಬ್ಬನೇ ಕುಳಿತ ಕಾರಿನ ವಿಳಂಬಕ್ಕಿಂತ ಹೆಚ್ಚಿನದಾಗಿ ಅಲ್ಲಿ ಕಾಣುತ್ತಿರಲಿಲ್ಲ. ರಸ್ತೆ ದಾಟಲು ಪಾದಚಾರಿಗೆ ಇನ್ನೂ ಹತ್ತು ಸೆಕೆಂಡು ಹಸಿರು ದೀಪ ಕೊಟ್ಟರೆ ಜಂಕ್ಷನ್ನಿನ ಶ್ರೇಣಿ ಇಳಿಯುತ್ತಿತ್ತು. ಒಂದು ಬಡಾವಣೆಯ ಬೀದಿಯನ್ನು ಸುರಕ್ಷಿತಗೊಳಿಸುವ ಕೆಲಸ, ಕಾಗದದ ಮೇಲೆ ಹಾನಿಯಾಗಿ ದಾಖಲಾಗುತ್ತಿತ್ತು.

ಕ್ಯಾಲಿಫೋರ್ನಿಯಾ 2013ರಲ್ಲಿ ಕಾನೂನು ಮಾಡಿ ಪರಿಸರ ಪರಿಣಾಮದ ವಿಮರ್ಶೆಯಿಂದ ಈ ಅಳತೆಯನ್ನು ಕೈಬಿಡುವ ದಾರಿ ತೆರೆಯಿತು. 2020ರ ಜುಲೈಯಿಂದ ಅಲ್ಲಿ ಹೊಸ ನಿರ್ಮಾಣವೊಂದು ಎಷ್ಟು ಕಿಲೋಮೀಟರ್ ವಾಹನ ಸಂಚಾರವನ್ನು ಹುಟ್ಟಿಸುತ್ತದೆ ಎಂಬುದು ಮುಖ್ಯ ಪ್ರಶ್ನೆಯಾಯಿತು. ಹಳೆಯ ಅಳತೆಯಲ್ಲಿ ನಿಲ್ದಾಣದ ಪಕ್ಕ ಮನೆ ಕಟ್ಟಿದವನು ಸಮೀಪದ ಜಂಕ್ಷನ್ನಿಗೆ ತೊಂದರೆ ಕೊಟ್ಟವನಾಗಿ ಕಾಣುತ್ತಿದ್ದ, ಊರಾಚೆ ಬಯಲಿನಲ್ಲಿ ಕಟ್ಟಿದವನು ನಿರಪರಾಧಿಯಾಗಿ ಉಳಿಯುತ್ತಿದ್ದ. ಅಳತೆ ಬದಲಾದ ಮೇಲೆ ತೀರ್ಪು ತಿರುಗಿತು.

ಪ್ರಾದೇಶಿಕ ಯೋಜನೆಗೆ ಇನ್ನೂ ಒಳ್ಳೆಯ ಅಳತೆಯೊಂದಿದೆ. ಒಬ್ಬ ವ್ಯಕ್ತಿ ತನ್ನ ಮನೆಯಿಂದ ಹೊರಟು ನಲವತ್ತೈದು ನಿಮಿಷಗಳಲ್ಲಿ ಎಷ್ಟು ಉದ್ಯೋಗಗಳನ್ನು, ಎಷ್ಟು ಶಾಲೆಗಳನ್ನು, ಎಷ್ಟು ಆಸ್ಪತ್ರೆಗಳನ್ನು ತಲುಪಬಲ್ಲ? ಕಾರಿನಲ್ಲಿ ಎಷ್ಟು, ಬಸ್ಸಿನಲ್ಲಿ ಎಷ್ಟು, ಸೈಕಲ್ಲಿನಲ್ಲಿ ಎಷ್ಟು, ನಡೆದರೆ ಎಷ್ಟು? ನಿಲ್ದಾಣದವರೆಗೆ ನಡೆಯುವ ಸಮಯ, ಕಾಯುವ ಸಮಯ, ಬದಲಾಗುವ ಸಮಯ ಎಲ್ಲವೂ ಈ ಲೆಕ್ಕದಲ್ಲಿ ಸೇರುತ್ತವೆ. ಎರಡು ಬಡಾವಣೆಗಳ ನಡುವಿನ ಅನ್ಯಾಯವೂ ಎದ್ದು ಕಾಣುತ್ತದೆ. ವೇಗ ಹೆಚ್ಚಿದರೂ ತಲುಪಬೇಕಾದ ಜಾಗಗಳು ದೂರ ಸರಿದರೆ ಏನೂ ಗಳಿಸಿದಂತಾಗಲಿಲ್ಲ ಎಂಬುದನ್ನು ಈ ಅಳತೆ ಮರೆಮಾಚುವುದಿಲ್ಲ.

ಅಗಲಗೊಂಡ ರಸ್ತೆ ಮತ್ತೆ ತುಂಬುವುದೇಕೆ

ದಟ್ಟಣೆ ಎಂದರೆ ರಸ್ತೆ ಸಾಲದು ಎಂದರ್ಥ, ಅಗಲಗೊಳಿಸಿದರೆ ಮುಗಿಯಿತು ಎಂಬ ನಂಬಿಕೆ ಸಹಜವಾದದ್ದು. ದಿನಾ ಅರ್ಧ ಗಂಟೆ ಸ್ಟೇರಿಂಗ್ ಹಿಡಿದು ನಿಂತಲ್ಲೇ ನಿಲ್ಲುವವರ ಸಂಕಟವನ್ನು ನಾನು ಲಘುವಾಗಿ ಕಾಣುವುದಿಲ್ಲ. ಆದರೆ ಈ ಪರಿಹಾರ ಅವರಿಗೇ ಮೋಸ ಮಾಡುತ್ತದೆ. ಅರ್ಥಶಾಸ್ತ್ರಜ್ಞ ಆಂಟನಿ ಡೌನ್ಸ್ ಇದನ್ನು 1962ರಲ್ಲೇ ವಿವರಿಸಿದ್ದರು. ಅಗಲಗೊಂಡ ರಸ್ತೆ ಸ್ವಲ್ಪ ಕಾಲ ಸಲೀಸಾಗಿರುತ್ತದೆ. ಬೇರೆ ದಾರಿ ಹಿಡಿಯುತ್ತಿದ್ದವರು, ದಟ್ಟಣೆ ತಪ್ಪಿಸಲು ಬೇಗ ಅಥವಾ ತಡವಾಗಿ ಹೊರಡುತ್ತಿದ್ದವರು, ರೈಲು ಬಸ್ಸುಗಳಲ್ಲಿ ಹೋಗುತ್ತಿದ್ದವರು ಆ ಸಲೀಸನ್ನು ಕಂಡು ಇತ್ತ ಬರುತ್ತಾರೆ. ಕೆಲ ವರ್ಷಗಳಲ್ಲಿ ಹೊಸ ಬಡಾವಣೆಗಳೂ ಅದೇ ರಸ್ತೆಯನ್ನು ನಂಬಿ ಏಳುತ್ತವೆ. ಅಮೆರಿಕದ ಹ್ಯೂಸ್ಟನ್ನಿನ ಕೇಟಿ ಹೆದ್ದಾರಿಯನ್ನು 2008ರ ಹೊತ್ತಿಗೆ ಅಗಲಗೊಳಿಸಿ ಮುಗಿಸಿದಾಗ, ಪಕ್ಕದ ಸೇವಾ ರಸ್ತೆಗಳೂ ಸೇರಿ ಕೆಲವೆಡೆ ಅದಕ್ಕೆ 26 ಪಥಗಳಾದವು. ಕೆಲವೇ ವರ್ಷಗಳಲ್ಲಿ ದಟ್ಟಣೆಯ ಹೊತ್ತಿನ ಪ್ರಯಾಣ ಮತ್ತೆ ಉದ್ದವಾಗತೊಡಗಿತು.

ಜೈಲ್ಸ್ ಡ್ಯುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ಅಮೆರಿಕದ ಮಹಾನಗರ ಪ್ರದೇಶಗಳಲ್ಲಿ ಅಂತರರಾಜ್ಯ ಹೆದ್ದಾರಿಯ ಪಥಗಳು ಹೆಚ್ಚಿದ ಪ್ರಮಾಣದಲ್ಲೇ ವಾಹನ ಸಂಚಾರವೂ ಹೆಚ್ಚುತ್ತದೆ ಎಂದು ತೋರಿಸಿತು. ಅದೇ ಅಧ್ಯಯನದ ಇನ್ನೊಂದು ಮಾತನ್ನು ಸಾರ್ವಜನಿಕ ಸಾರಿಗೆಯ ಪರ ಇರುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಬಸ್ಸು ರೈಲುಗಳನ್ನು ಹೆಚ್ಚಿಸಿದ ಮಾತ್ರಕ್ಕೆ ರಸ್ತೆಯ ಸಂಚಾರ ಇಳಿಯುವುದಿಲ್ಲ ಎಂಬುದೇ ಆ ಮಾತು. ಕಾರಣ ಅದೇ: ಒಬ್ಬರು ರೈಲು ಹತ್ತಿ ಖಾಲಿಯಾದ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ. ಆದ್ದರಿಂದ ಮೆಟ್ರೋ ಬಂದರೆ ದಟ್ಟಣೆ ಮಾಯವಾಗುತ್ತದೆ ಎಂದು ಮಾತು ಕೊಟ್ಟು ಯೋಜನೆಗೆ ಒಪ್ಪಿಗೆ ಪಡೆಯುವುದು ತಪ್ಪು. ದಟ್ಟಣೆಯಲ್ಲಿ ಸಿಕ್ಕಿಕೊಳ್ಳದೆ ಹೋಗುವ ದಾರಿಯೊಂದನ್ನು ಲಕ್ಷಾಂತರ ಜನರಿಗೆ ಕೊಡುವುದೇ ಸಾರ್ವಜನಿಕ ಸಾರಿಗೆಯ ನಿಜವಾದ ಕೊಡುಗೆ. ದಟ್ಟಣೆಯನ್ನೇ ಇಳಿಸಬೇಕಾದರೆ ರಸ್ತೆಯ ಬಳಕೆಗೆ, ಅದರಲ್ಲೂ ನೂಕುನುಗ್ಗಲಿನ ಹೊತ್ತಿನ ಬಳಕೆಗೆ ಬೆಲೆ ಇಡಬೇಕಾಗುತ್ತದೆ.

ಸಿಂಗಪುರ 1975ರಲ್ಲಿ, ಲಂಡನ್ 2003ರಲ್ಲಿ ಈ ದಾರಿ ಹಿಡಿದವು. ಸ್ಟಾಕ್‌ಹೋಮ್ 2006ರ ಜನವರಿಯಿಂದ ಜುಲೈವರೆಗೆ ಪ್ರಾಯೋಗಿಕವಾಗಿ ಶುಲ್ಕ ವಿಧಿಸಿತು. ನಗರದ ಸುತ್ತ ಎಳೆದ ಶುಲ್ಕದ ಗೆರೆ ದಾಟುವ ವಾಹನಗಳು ಸುಮಾರು ಶೇ 20ರಷ್ಟು ಇಳಿದವು. ಪ್ರಯೋಗಕ್ಕೆ ಮುನ್ನ ವಿರೋಧಿಸುತ್ತಿದ್ದ ನಗರವಾಸಿಗಳ ಅಭಿಪ್ರಾಯ ಪರಿಣಾಮವನ್ನು ಕಣ್ಣಾರೆ ಕಂಡ ಮೇಲೆ ಬದಲಾಯಿತು. ಸೆಪ್ಟೆಂಬರಿನ ಜನಮತಗಣನೆಯಲ್ಲಿ ನಗರ ಒಪ್ಪಿತು, 2007ರ ಆಗಸ್ಟಿನಲ್ಲಿ ಶುಲ್ಕ ಕಾಯಂ ಆಯಿತು. ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಸುತ್ತಲಿನ ಹಲವು ಪುರಸಭೆಗಳು ತಾವೇ ಪ್ರತ್ಯೇಕ ಜನಮತಗಣನೆ ನಡೆಸಿದ್ದವು, ಅಲ್ಲಿ ಬಹುಮತ ಬಿದ್ದದ್ದು ವಿರೋಧಕ್ಕೆ. ಶುಲ್ಕ ಕಟ್ಟುವವರು ಹೊರವಲಯದವರು, ಶಾಂತವಾದ ಬೀದಿಗಳು ನಗರದವರಿಗೆ ಎಂಬ ಅಸಮಾಧಾನ ಅದರ ಹಿಂದಿತ್ತು. ಪ್ರಾದೇಶಿಕ ಯೋಜಕರು ಕಲಿಯಬೇಕಾದ ಪಾಠ ಈ ಎರಡನೆಯ ಭಾಗದಲ್ಲಿದೆ. ಹೊರವಲಯದವರಿಂದ ಶುಲ್ಕ ಕೇಳುವ ಮುನ್ನ ಅವರ ಬಾಗಿಲಿಗೆ ನಂಬಬಹುದಾದ ಬಸ್ಸು ಬಂದಿರಬೇಕು. ಸ್ಟಾಕ್‌ಹೋಮ್ ಪ್ರಯೋಗಕ್ಕೆ ಮುನ್ನವೇ ಹೆಚ್ಚುವರಿ ಬಸ್ಸುಗಳನ್ನು ಓಡಿಸಿತ್ತು. ಇಷ್ಟಾದರೂ ಹೊರವಲಯದ ಮನಸ್ಸು ಗೆಲ್ಲಲು ಅದಕ್ಕೆ ಆಗಲಿಲ್ಲ.

ಕಾರು ಬೇಡವೆಂದು ಇದರ ಅರ್ಥವಲ್ಲ. ಜನವಸತಿ ವಿರಳವಾದ ಕಡೆ, ರಾತ್ರಿ ಪಾಳಿಯ ಕೆಲಸಕ್ಕೆ, ಅಂಗವೈಕಲ್ಯ ಇರುವ ಹಲವರಿಗೆ, ಸರಕು ಸಾಗಣೆಗೆ, ಆಂಬುಲೆನ್ಸಿಗೆ ಚೆನ್ನಾಗಿರುವ ರಸ್ತೆ ಬೇಕೇ ಬೇಕು. ಅನಿವಾರ್ಯತೆಯಿಂದ ಚಾಲನೆ ಮಾಡುವವರಿಗೆ ರಸ್ತೆ ತೆರವಾಗಿ ಸಿಗಬೇಕಾದರೆ, ಬೇರೆ ದಾರಿ ಇಲ್ಲದ್ದಕ್ಕೆ ಮಾತ್ರ ಕಾರು ಹತ್ತುವವರಿಗೆ ಬೇರೆ ದಾರಿ ಸಿಗಬೇಕು. ಆ ದೃಷ್ಟಿಯಿಂದ ಸೈಕಲ್ ಪಥ ಚಾಲಕರ ಹಿತದ ವಿಷಯವೂ ಹೌದು.

ಜಾಗದ ಲೆಕ್ಕ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಉತ್ತರ ಅಮೆರಿಕದ ನಗರ ಸಾರಿಗೆ ಅಧಿಕಾರಿಗಳ ಒಕ್ಕೂಟದ ಕೈಪಿಡಿಯ ಪ್ರಕಾರ ಸುಮಾರು ಮೂರು ಮೀಟರ್ ಅಗಲದ ಒಂದು ಪಥ, ಬರೀ ಕಾರುಗಳಿದ್ದರೆ ಗಂಟೆಗೆ 600ರಿಂದ 1,600 ಜನರನ್ನು ಸಾಗಿಸಬಲ್ಲದು. ಅದೇ ಪಥವನ್ನು ಬಸ್ಸುಗಳಿಗೆ ಮೀಸಲಿಟ್ಟು ಪದೇ ಪದೇ ಓಡಿಸಿದರೆ 4,000ದಿಂದ 8,000, ರಕ್ಷಿತ ಸೈಕಲ್ ಪಥ ಮಾಡಿದರೆ ಸುಮಾರು 7,500, ಪಾದಚಾರಿ ಮಾರ್ಗವಾದರೆ 9,000ದವರೆಗೆ. ಸಾಮರ್ಥ್ಯ ಇಷ್ಟಿದೆ ಎಂದ ಮಾತ್ರಕ್ಕೆ ಅಷ್ಟು ಜನ ಬರುತ್ತಾರೆ ಎಂದಲ್ಲ, ಖಾಲಿ ಬಸ್ ಪಥಕ್ಕೆ ಅರ್ಥವಿಲ್ಲ. ಆದರೆ ಬೆಳೆಯುವ ಪ್ರದೇಶವೊಂದರ ಇಕ್ಕಟ್ಟಾದ ಮುಖ್ಯ ರಸ್ತೆಯಲ್ಲಿ ಹೆಚ್ಚು ಜನರನ್ನು ಸಾಗಿಸಬೇಕಾದಾಗ ಗಣಿತ ಯಾವ ಕಡೆ ವಾಲುತ್ತದೆ ಎಂಬುದರಲ್ಲಿ ಸಂಶಯವಿಲ್ಲ.

ವೇಳಾಪಟ್ಟಿಯಿಂದ ಹಳಿಯ ಕಡೆಗೆ

ಸಾರ್ವಜನಿಕ ಸಾರಿಗೆಯ ಚರ್ಚೆ ಸಾಮಾನ್ಯವಾಗಿ ಮೊದಲು ಹಿಡಿಯುವುದು ತಂತ್ರಜ್ಞಾನವನ್ನು: ಮೆಟ್ರೋ ಬೇಕೇ, ಲಘು ರೈಲೇ, ಬಸ್ಸೇ? ಪ್ರಯಾಣಿಕರ ಪ್ರಶ್ನೆ ಅದಲ್ಲ. ಎಷ್ಟು ಹೊತ್ತು ಕಾಯಬೇಕು, ಬದಲಾಗುವಾಗ ಮುಂದಿನ ವಾಹನ ಕಣ್ಣೆದುರೇ ಹೊರಟುಹೋಗುತ್ತದೆಯೇ, ಎರಡು ಸಲ ದುಡ್ಡು ಕೊಡಬೇಕೇ? ಅರ್ಧ ಗಂಟೆಗೊಂದು ಬಸ್ಸಿದ್ದರೆ ವೇಳೆ ನೋಡದೆ ಬಂದವರು ಸರಾಸರಿ ಹದಿನೈದು ನಿಮಿಷ ಕಾಯುತ್ತಾರೆ, ಹತ್ತು ನಿಮಿಷಕ್ಕೊಂದಿದ್ದರೆ ಐದು. ದಾರಿಯಲ್ಲಿ ಒಂದು ಬದಲಾವಣೆ ಇದ್ದರೆ ಈ ಅಂತರ ಇಮ್ಮಡಿಯಾಗುತ್ತದೆ. ಕೋಟಿಗಟ್ಟಲೆ ಹಣ ಸುರಿದು ರೈಲಿನ ಓಟದಲ್ಲಿ ಐದು ನಿಮಿಷ ಉಳಿಸಿ, ನಿಲ್ದಾಣದಲ್ಲಿ ಬಸ್ಸಿಗಾಗಿ ಇಪ್ಪತ್ತು ನಿಮಿಷ ನಿಲ್ಲಿಸುವ ವ್ಯವಸ್ಥೆಯನ್ನು ಜನ ತಿರಸ್ಕರಿಸಿದರೆ ತಪ್ಪು ಅವರದಲ್ಲ.

ಈ ವಿಷಯವನ್ನು ಸ್ವಿಟ್ಜರ್‌ಲೆಂಡಿನಷ್ಟು ಗಂಭೀರವಾಗಿ ಯೋಚಿಸಿದ ದೇಶಗಳು ಕಡಿಮೆ. 1982ರಲ್ಲಿ ಅಲ್ಲಿ ದೇಶದುದ್ದಕ್ಕೂ ಗಂಟೆಗೊಮ್ಮೆ ಒಂದೇ ನಿಮಿಷಕ್ಕೆ ಹೊರಡುವ ರೈಲುಗಳ ವೇಳಾಪಟ್ಟಿ ಜಾರಿಗೆ ಬಂತು. 1987ರ ಡಿಸೆಂಬರಿನ ಜನಮತಗಣನೆಯಲ್ಲಿ ಜನರು 'ರೈಲು 2000' ಯೋಜನೆಯನ್ನು ಒಪ್ಪಿದರು. ಅದರ ತಿರುಳು ಹೀಗಿತ್ತು: ದೊಡ್ಡ ನಿಲ್ದಾಣಗಳಿಗೆ ಎಲ್ಲ ದಿಕ್ಕಿನ ರೈಲುಗಳೂ ಗಂಟೆ ತುಂಬುವ ತುಸು ಮುನ್ನ ಬಂದು, ತುಸು ಅನಂತರ ಹೊರಡಬೇಕು. ಆ ಕೆಲವು ನಿಮಿಷಗಳಲ್ಲಿ ಯಾವುದರಿಂದ ಯಾವುದಕ್ಕಾದರೂ ಬದಲಾಗಬಹುದು, ನಿಲ್ದಾಣದ ಹೊರಗೆ ಬಸ್ಸುಗಳೂ ಅದೇ ತಾಳಕ್ಕೆ ಕಾದಿರುತ್ತವೆ. ಇದು ಕೂಡಬೇಕಾದರೆ ಎರಡು ದೊಡ್ಡ ನಿಲ್ದಾಣಗಳ ನಡುವಿನ ಪ್ರಯಾಣ ಒಂದು ಗಂಟೆಗಿಂತ ಸ್ವಲ್ಪ ಕಡಿಮೆ ಇರಬೇಕು. ಬರ್ನ್ ಮತ್ತು ಜ್ಯೂರಿಕ್ ನಡುವೆ ಒಂದು ಗಂಟೆ ಮೀರುತ್ತಿದ್ದ ಓಟವನ್ನು 56 ನಿಮಿಷಕ್ಕೆ ಇಳಿಸಲು ಹೊಸ ಹಳಿ ಹಾಕಿ 2004ರಲ್ಲಿ ತೆರೆದರು. ಅದನ್ನು ನಲವತ್ತು ನಿಮಿಷಕ್ಕೆ ಇಳಿಸುವ ಹಟ ಅವರಿಗಿರಲಿಲ್ಲ, ಏಕೆಂದರೆ ಮೊದಲೇ ಬಂದು ತಲುಪಿದವರು ಮುಂದಿನ ರೈಲಿಗಾಗಿ ಕಾಯಬೇಕಾಗುತ್ತಿತ್ತು. ಮೊದಲು ವೇಳಾಪಟ್ಟಿ ಬರೆದರು, ಅದನ್ನು ನಡೆಸಲು ಎಲ್ಲಿ ಎಷ್ಟು ಹಳಿ ಬೇಕೋ ಅಲ್ಲಿ ಅಷ್ಟನ್ನು ಕಟ್ಟಿದರು. ಮೊದಲು ಕಟ್ಟಡ ಕಟ್ಟಿ, ಉದ್ಘಾಟಿಸಿ, ಆಮೇಲೆ ಯಾವ ಬಸ್ಸು ಎಲ್ಲಿ ನಿಲ್ಲಬೇಕೆಂದು ಯೋಚಿಸುವ ರೀತಿಗೆ ಇದು ಪೂರ್ತಿ ವಿರುದ್ಧ. ಓದಿದಾಗಲೆಲ್ಲ ನನ್ನಲ್ಲಿ ಗೌರವ ಹುಟ್ಟಿಸುವ ಯೋಜನೆ ಇದು.

ಟಿಕೆಟ್ಟಿನ ಜೋಡಣೆ ಇದರಷ್ಟೇ ಮುಖ್ಯ. ಜರ್ಮನಿಯ ಹ್ಯಾಂಬರ್ಗಿನಲ್ಲಿ 1965ರಲ್ಲಿ ಸಾರಿಗೆ ಸಂಸ್ಥೆಗಳು ಸೇರಿ ಒಕ್ಕೂಟ ಕಟ್ಟಿಕೊಂಡವು. ಬೇರೆ ಬೇರೆ ಸಂಸ್ಥೆಗಳ ವಾಹನಗಳಲ್ಲಿ ಒಂದೇ ಟಿಕೆಟ್ಟಿನಲ್ಲಿ ಹೋಗುವ ವ್ಯವಸ್ಥೆ ಜರ್ಮನ್ ಭಾಷೆಯ ದೇಶಗಳಲ್ಲಿ ಅಲ್ಲಿಂದ ಹರಡಿತು. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ 2004ರ ಜುಲೈಯಲ್ಲಿ ಬಸ್ಸು ಮತ್ತು ಮೆಟ್ರೋಗಳ ನಡುವೆ ಬದಲಾದರೂ ಒಟ್ಟು ದೂರಕ್ಕೆ ಮಾತ್ರ ದರ ಕಟ್ಟುವ ಪದ್ಧತಿ ತಂದಿತು, ಜೊತೆಗೇ ರಸ್ತೆಯ ನಡುವೆ ಬಸ್ ಪಥಗಳನ್ನು ಮಾಡಿತು. ಆ ಪದ್ಧತಿ ನಗರದ ಗಡಿ ದಾಟಿ ಸುತ್ತಲಿನ ಗ್ಯೊಂಗಿ ಪ್ರಾಂತ್ಯವನ್ನು ಒಳಗೊಂಡದ್ದು 2007ರಲ್ಲಿ, ನೆರೆಯ ಇಂಚಿಯಾನ್ ನಗರ ಸೇರಿದ್ದು 2009ರಲ್ಲಿ. ಟಿಕೆಟ್ ಯಂತ್ರ ತರಲು ಹೆಚ್ಚು ಕಾಲ ಬೇಕಾಗಿರಲಿಲ್ಲ, ಟಿಕೆಟ್ಟಿನ ಹಣವನ್ನು ಯಾರು ಎಷ್ಟು ಹಂಚಿಕೊಳ್ಳಬೇಕೆಂಬ ಲೆಕ್ಕಕ್ಕೆ ಎಲ್ಲರನ್ನೂ ಒಪ್ಪಿಸಲು ಬೇಕಾಯಿತು. ಚೊಂಗ್ಗ್ಯೆಚೊನ್ ತೊರೆಯ ಮೇಲಿದ್ದ ಎತ್ತರದ ಹೆದ್ದಾರಿಯನ್ನು 2003ರಿಂದ ಕೆಡವಿ 2005ರಲ್ಲಿ ತೊರೆಯನ್ನು ಜನರಿಗೆ ಬಿಟ್ಟುಕೊಟ್ಟದ್ದು ಇದೇ ವರ್ಷಗಳಲ್ಲಿ. ಆ ಪ್ರಸಿದ್ಧ ಕೆಲಸವನ್ನು ಬಸ್ ಸುಧಾರಣೆಯಿಂದ ಬೇರ್ಪಡಿಸಿ ಹೊಗಳುವುದು ಸರಿಯಲ್ಲ.

ಇಲ್ಲೊಂದು ಕಠಿಣ ಆಯ್ಕೆ ಇದೆ, ಯೋಜನೆಗಳು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಸೀಮಿತ ಬಸ್ಸುಗಳನ್ನು ಜನ ಹೆಚ್ಚಿರುವ ದಾರಿಗಳಲ್ಲಿ ಪದೇ ಪದೇ ಓಡಿಸಬಹುದು, ಅಥವಾ ಪ್ರದೇಶದ ಮೂಲೆಮೂಲೆಗೂ ಗಂಟೆಗೊಂದರಂತೆ ಹರಡಬಹುದು. ಮೊದಲನೆಯದರಲ್ಲಿ ಪ್ರಯಾಣಿಕರು ಹೆಚ್ಚುತ್ತಾರೆ, ಎರಡನೆಯದರಲ್ಲಿ ಯಾರೂ ಪೂರ್ತಿ ಕೈಬಿಟ್ಟವರಾಗುವುದಿಲ್ಲ. ಹ್ಯೂಸ್ಟನ್ 2015ರ ಆಗಸ್ಟಿನಲ್ಲಿ ತನ್ನ ಬಸ್ ಜಾಲವನ್ನು ಒಂದೇ ರಾತ್ರಿಯಲ್ಲಿ ಬದಲಿಸಿ ಪದೇ ಪದೇ ಬರುವ ಬಸ್ಸುಗಳ ಕಡೆ ತೂಗಿಸಿತು. ಎಷ್ಟು ಪಾಲು ಯಾವುದಕ್ಕೆ ಎಂಬುದು ಎಂಜಿನಿಯರುಗಳು ಕೋಣೆಯೊಳಗೆ ತೀರ್ಮಾನಿಸುವ ವಿಷಯವಲ್ಲ. ಶೇಕಡಾ ಲೆಕ್ಕದಲ್ಲಿ ಬರೆದು, ಚುನಾಯಿತರು ಬಹಿರಂಗವಾಗಿ ಮತ ಹಾಕಬೇಕಾದ ವಿಷಯ.

ಕೊನೆಯ ಕಿಲೋಮೀಟರ್ ಮತ್ತು ಹೆದ್ದಾರಿಯ ಅಂಚು

ಹದಿನೈದು ನಿಮಿಷ ನಡೆದರೆ ಒಂದೂಕಾಲು ಕಿಲೋಮೀಟರ್ ಸಾಗುತ್ತೇವೆ. ಅಷ್ಟೇ ಹೊತ್ತು ನಿಧಾನವಾಗಿ ಸೈಕಲ್ ತುಳಿದರೆ ಮೂರೂಮುಕ್ಕಾಲು. ದೂರ ಮೂರು ಪಟ್ಟಾದರೆ ಅದರೊಳಗೆ ಬರುವ ನೆಲ ಒಂಬತ್ತು ಪಟ್ಟಾಗುತ್ತದೆ. ರೈಲು ನಿಲ್ದಾಣವೊಂದಕ್ಕೆ ಸುರಕ್ಷಿತ ಸೈಕಲ್ ದಾರಿ ಮತ್ತು ನಿಲುಗಡೆ ಕೊಡುವುದೆಂದರೆ ಅದರ ವ್ಯಾಪ್ತಿಯನ್ನು ಒಂದು ಮೀಟರ್ ಹಳಿಯನ್ನೂ ಹಾಕದೆ ಅಷ್ಟು ಹಿಗ್ಗಿಸುವುದು. ನೆದರ್‌ಲೆಂಡ್ಸಿನ ಉಟ್ರೆಕ್ಟ್ ಮುಖ್ಯ ನಿಲ್ದಾಣದ ಅಡಿಯಲ್ಲಿ 12,500 ಸೈಕಲ್ ನಿಲ್ಲಿಸುವ ಜಾಗ 2019ರಲ್ಲಿ ಪೂರ್ಣಗೊಂಡಿತು. ಡೆನ್ಮಾರ್ಕಿನ ಕೋಪನ್‌ಹೇಗನ್ನಿನ ಉಪನಗರ ರೈಲುಗಳಲ್ಲಿ 2010ರಿಂದ ಸೈಕಲ್ಲನ್ನು ಶುಲ್ಕವಿಲ್ಲದೆ ಒಯ್ಯಬಹುದು. ಅದೇ ಪ್ರದೇಶದ ಪುರಸಭೆಗಳು ಕೂಡಿ ಗಡಿಗಳನ್ನು ದಾಟುವ ದೂರದ ಸೈಕಲ್ ಪಥಗಳನ್ನು ಕಟ್ಟುತ್ತಿವೆ, ಮೊದಲ ಪಥ 2012ರಲ್ಲಿ ತೆರೆಯಿತು.

ಸೈಕಲ್ ಪಥದ ವಿಷಯದಲ್ಲಿ ಅರ್ಧ ಕೆಲಸಕ್ಕೆ ಅರ್ಧ ಫಲ ಸಿಗುವುದಿಲ್ಲ. ಹತ್ತು ಕಿಲೋಮೀಟರ್ ಸುಂದರ ಪಥದ ನಡುವೆ ಇನ್ನೂರು ಮೀಟರ್ ಲಾರಿಗಳ ನಡುವೆ ನುಸುಳಬೇಕಿದ್ದರೆ ತಾಯಿಯೊಬ್ಬಳು ಮಗುವನ್ನು ಆ ದಾರಿಯಲ್ಲಿ ಕಳಿಸುವುದಿಲ್ಲ. ಸ್ಪೇನಿನ ಸೆವಿಲ್ಯಾ ನಗರ ಇದನ್ನು ಅರ್ಥಮಾಡಿಕೊಂಡು, ಚೂರುಚೂರು ಮಾಡದೆ, ಸುಮಾರು 80 ಕಿಲೋಮೀಟರ್ ಉದ್ದದ, ಒಂದಕ್ಕೊಂದು ಕೂಡಿದ, ವಾಹನಗಳಿಂದ ಬೇರ್ಪಟ್ಟ ಜಾಲವನ್ನು ಕೆಲವೇ ವರ್ಷಗಳಲ್ಲಿ ಒಟ್ಟಾಗಿ ಕಟ್ಟಿತು. ಸೈಕಲ್ ಬಳಕೆ ಬಹುತೇಕ ಇಲ್ಲವೇ ಇಲ್ಲ ಎನ್ನುವಂತಿದ್ದ ಊರಿನಲ್ಲಿ ಅದು ಹಲವು ಪಟ್ಟು ಏರಿತು.

ನಡೆಯುವವರ ಮಾತು ಬಂದಾಗ ಮನಸ್ಸು ಕಹಿಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯಂತೆ ಜಗತ್ತಿನ ರಸ್ತೆಗಳಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ಸಾಯುತ್ತಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಪಾದಚಾರಿಗಳು, ಸೈಕಲ್ ಸವಾರರು, ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಲ್ಲಿ ಸಾಗುವವರು. ನಗರದ ಒಳಬೀದಿಗಳಿಗಿಂತ ಪ್ರಾದೇಶಿಕ ಯೋಜನೆಯ ಗಮನ ಇರಬೇಕಾದದ್ದು ಊರೊಳಗಿಂದ ಹಾದುಹೋಗುವ ಹೆದ್ದಾರಿಗಳ ಮೇಲೆ. ಅವು ದೂರದ ಸಂಚಾರಕ್ಕೆ ವೇಗದ ರಸ್ತೆಯೂ ಆಗಿರಬೇಕು, ಅಂಗಡಿ, ಶಾಲೆ, ಮನೆಗಳ ಮುಂದಿನ ಬೀದಿಯೂ ಆಗಿರಬೇಕು ಎಂದು ನಿರೀಕ್ಷಿಸುತ್ತೇವೆ. ಎರಡೂ ಒಂದೇ ಡಾಂಬರಿನ ಮೇಲೆ ಸಾಧ್ಯವಿಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ವಾಹನದ ಚಲನ ಶಕ್ತಿ 30ರ ವೇಗದಲ್ಲಿರುವಾಗಿನದಕ್ಕಿಂತ ಸುಮಾರು ಎರಡೂಮುಕ್ಕಾಲು ಪಟ್ಟು. ಮನುಷ್ಯನ ಮೂಳೆ ಅದಕ್ಕೆ ತಕ್ಕಂತೆ ಗಟ್ಟಿಯಾಗುವುದಿಲ್ಲ. ಡಚ್ಚರು 1990ರ ದಶಕದಿಂದ ತಮ್ಮ ರಸ್ತೆಗಳನ್ನು ಮೂರೇ ಬಗೆಗೆ ಇಳಿಸುತ್ತ ಬಂದರು: ದೂರದ ಓಟಕ್ಕೆ, ಅಲ್ಲಿಂದ ಬಡಾವಣೆಗಳಿಗೆ ಸಂಚಾರವನ್ನು ಹಂಚುವುದಕ್ಕೆ, ಮನೆಬಾಗಿಲಿಗೆ. ಒಂದು ರಸ್ತೆಗೆ ಒಂದೇ ಕೆಲಸ, ಅದಕ್ಕೆ ತಕ್ಕ ವೇಗ ಮತ್ತು ವಿನ್ಯಾಸ. ಸ್ವೀಡನ್ನಿನ ಸಂಸತ್ತು 1997ರಲ್ಲಿ, ರಸ್ತೆಯಲ್ಲಿ ಯಾರೂ ಸಾಯಬಾರದು, ಬಳಸುವವರು ತಪ್ಪು ಮಾಡಿದರೂ ಅದಕ್ಕೆ ಪ್ರಾಣವೇ ಬೆಲೆಯಾಗದಂತೆ ವ್ಯವಸ್ಥೆ ಇರಬೇಕು ಎಂಬ ನೀತಿಯನ್ನು ಅಂಗೀಕರಿಸಿತು. 2019ರಲ್ಲಿ ಓಸ್ಲೋ ಮತ್ತು ಹೆಲ್ಸಿಂಕಿ ನಗರಗಳಲ್ಲಿ ಒಬ್ಬ ಪಾದಚಾರಿಯೂ ರಸ್ತೆ ಅಪಘಾತದಲ್ಲಿ ಸಾಯಲಿಲ್ಲ. ವೇಗದ ಮಿತಿ ಇಳಿಸಿ, ಅದು ಪಾಲನೆಯಾಗುವಂತೆ ಬೀದಿಗಳನ್ನು ಮರುರೂಪಿಸಿದ್ದು ಅದಕ್ಕೆ ಮುಖ್ಯ ಕಾರಣಗಳಲ್ಲೊಂದು.

ಒಂದು ಸರಳ ಸಂಗತಿಯನ್ನು ಯೋಜಕರು ಮರೆಯುತ್ತಾರೆ. ಹೋಗುವ ಬಸ್ಸು ಮತ್ತು ಬರುವ ಬಸ್ಸು ನಿಲ್ಲುವುದು ರಸ್ತೆಯ ಎದುರುಬದುರು ಬದಿಗಳಲ್ಲಿ. ಹಾಗಾಗಿ ಬಸ್ಸಿನಲ್ಲಿ ಹೋಗಿಬರುವ ಪ್ರತಿಯೊಬ್ಬರೂ ಬೆಳಿಗ್ಗೆಯೋ ಸಂಜೆಯೋ ಆ ರಸ್ತೆಯನ್ನು ದಾಟಲೇಬೇಕು. ದಾಟುವ ವ್ಯವಸ್ಥೆ ಇಲ್ಲದ ಕಡೆ ಬಸ್ ನಿಲ್ದಾಣ ಇಡುವುದೆಂದರೆ ಪ್ರಯಾಣಿಕರನ್ನು ದಿನಾ ಅಪಾಯಕ್ಕೆ ಒಡ್ಡುವುದು.

ನೆಲ, ಹಣ, ಅಧಿಕಾರ

ಕೋಪನ್‌ಹೇಗನ್ನಿನ 1947ರ 'ಬೆರಳುಗಳ ಯೋಜನೆ' ನಗರದ ಬೆಳವಣಿಗೆಯನ್ನು ಐದು ರೈಲು ಮಾರ್ಗಗಳ ಉದ್ದಕ್ಕೂ ಬಿಟ್ಟು, ನಡುವಿನ ನೆಲವನ್ನು ಹಸಿರಾಗಿ ಉಳಿಸಲು ಹೊರಟಿತು. ಈಗಲೂ ಆ ಪ್ರದೇಶದಲ್ಲಿ 1,500 ಚದರ ಮೀಟರ್ ಮೀರಿದ ಕಚೇರಿ ಕಟ್ಟಡಗಳು ನಿಲ್ದಾಣದಿಂದ 600 ಮೀಟರ್ ಒಳಗೆ ಬರಬೇಕೆಂಬುದು ಸಾಮಾನ್ಯ ನಿಯಮ. ಸಾರಿಗೆ ಯೋಜನೆ ಒಂದು ಮೇಜಿನ ಮೇಲೆ, ಕಟ್ಟಡಗಳ ಪರವಾನಗಿ ಇನ್ನೊಂದು ಮೇಜಿನ ಮೇಲೆ ಇರುವಲ್ಲಿ ಇಂಥದ್ದು ನಡೆಯುವುದಿಲ್ಲ. ವಾಹನ ನಿಲುಗಡೆಯೂ ಇದೇ ಮಾತಿನ ಭಾಗ. ಪ್ರತಿ ಕಟ್ಟಡವೂ ಇಂತಿಷ್ಟು ಕಾರು ನಿಲ್ಲಿಸುವ ಜಾಗ ಕೊಡಲೇಬೇಕೆಂಬ ನಿಯಮವನ್ನು ಮೆಕ್ಸಿಕೋ ನಗರ 2017ರಲ್ಲಿ ತಲೆಕೆಳಗು ಮಾಡಿ, ಇಷ್ಟಕ್ಕಿಂತ ಹೆಚ್ಚು ಇರಬಾರದು ಎಂದಿತು.

ಅಧಿಕಾರದ ಪ್ರಶ್ನೆ ಹೆಚ್ಚು ಜಟಿಲ. ಅಮೆರಿಕ 1962ರ ಕಾನೂನಿನ ಮೂಲಕ 50,000 ಮೀರಿದ ಜನಸಂಖ್ಯೆಯ ನಗರ ಪ್ರದೇಶಗಳಲ್ಲಿ ಸ್ಥಳೀಯ ಆಡಳಿತಗಳು ಕೂಡಿ ನಿರಂತರವಾಗಿ ಯೋಜನೆ ಮಾಡದಿದ್ದರೆ ಕೇಂದ್ರದ ರಸ್ತೆ ಹಣ ಇಲ್ಲ ಎಂದಿತು. ಅದರಿಂದ ಪ್ರಾದೇಶಿಕ ಯೋಜನಾ ಮಂಡಳಿಗಳು ಹುಟ್ಟಿದವು. ಆದರೆ ಬಹುತೇಕ ಮಂಡಳಿಗಳ ಕೈಯಲ್ಲಿ ರಸ್ತೆಯೂ ಇಲ್ಲ, ಬಸ್ಸೂ ಇಲ್ಲ, ಭೂಬಳಕೆಯ ಅಧಿಕಾರವೂ ಇಲ್ಲ. ಸದಸ್ಯರು ತಮ್ಮ ತಮ್ಮ ಊರಿನ ಕಾಮಗಾರಿಗಳ ಪಟ್ಟಿ ತರುತ್ತಾರೆ, ಮಂಡಳಿ ಅವನ್ನು ಒಟ್ಟಿಗೆ ಹೊಲಿದು ಯೋಜನೆ ಎನ್ನುತ್ತದೆ. ಪೋರ್ಟ್‌ಲ್ಯಾಂಡ್ ಪ್ರದೇಶದ ಮತದಾರರು 1978ರಲ್ಲಿ ನೇರ ಚುನಾಯಿತ ಪ್ರಾದೇಶಿಕ ಸರ್ಕಾರವನ್ನು ಒಪ್ಪಿದ್ದು ಇದಕ್ಕೆ ಅಪರೂಪದ ಅಪವಾದ. ಹಣದ ವಿಷಯದಲ್ಲಿ ಫ್ರಾನ್ಸ್ ಕಂಡುಕೊಂಡ ದಾರಿ ಗಮನಾರ್ಹ. 1971ರಲ್ಲಿ ಪ್ಯಾರಿಸ್ ಪ್ರದೇಶದಲ್ಲಿ, 1973ರಿಂದ ಇತರ ದೊಡ್ಡ ನಗರಗಳಲ್ಲಿ, ಉದ್ಯೋಗದಾತರು ಕೊಡುವ ಸಂಬಳದ ಮೊತ್ತದ ಮೇಲೆ ಸಾರಿಗೆಗಾಗಿ ಕರ ವಿಧಿಸಲಾಯಿತು. ಕೆಲಸಗಾರರು ದೂರದಿಂದ ಬರುವುದರ ಲಾಭ ಯಾರಿಗೋ ವೆಚ್ಚದ ಪಾಲೂ ಅವರಿಗೆ ಎಂಬ ತರ್ಕ ನನಗೆ ನ್ಯಾಯವಾಗಿ ಕಾಣುತ್ತದೆ. ಅಂಥ ಹಣ ಪ್ರತಿ ವರ್ಷ ಬರುವುದರಿಂದ ಕಟ್ಟುವುದಕ್ಕೆ ಮಾತ್ರವಲ್ಲ, ಓಡಿಸುವುದಕ್ಕೂ ಸಿಗುತ್ತದೆ.

ಯೋಜನೆಯ ಅಂಕಿಅಂಶಗಳನ್ನು ಯಾವ ಪ್ರಯಾಣಗಳಿಂದ ತೆಗೆಯುತ್ತಾರೆ ಎಂಬುದನ್ನೂ ಕೇಳಬೇಕು. ಬೆಳಗಿನ ನೂಕುನುಗ್ಗಲಿನಲ್ಲಿ ಮನೆಯಿಂದ ಕಚೇರಿಗೆ ಹೋಗುವ ಪ್ರಯಾಣವನ್ನೇ ಮಾದರಿಯಾಗಿ ಹಿಡಿದರೆ, ಮಗುವನ್ನು ಶಾಲೆಗೆ ಬಿಟ್ಟು, ಔಷಧಿ ಕೊಂಡು, ಅರ್ಧ ದಿನದ ಕೆಲಸಕ್ಕೆ ಹೋಗಿ, ಹಿರಿಯರನ್ನು ನೋಡಿಕೊಂಡು ಮನೆಗೆ ಮರಳುವ ಸರಪಳಿಯಂಥ ಪ್ರಯಾಣಗಳು ಲೆಕ್ಕದಿಂದ ಜಾರುತ್ತವೆ. ಅವು ಹೆಚ್ಚಾಗಿ ಹೆಂಗಸರ ಪ್ರಯಾಣಗಳು. ಮಧ್ಯಾಹ್ನದ ಬಸ್ಸುಗಳನ್ನು ಕಡಿತ ಮಾಡುವ, ಒಂದು ಗಂಟೆಯೊಳಗೆ ಮತ್ತೆ ಹತ್ತಿದರೆ ಹೊಸ ಟಿಕೆಟ್ ಕೇಳುವ ತೀರ್ಮಾನಗಳ ಭಾರ ಬೀಳುವುದು ಅವರ ಮೇಲೆ. ಸಂಜೆ ಆರಕ್ಕೆ ಕರೆಯುವ ಸಾರ್ವಜನಿಕ ಸಭೆಗೆ ಬರಲು ಬಿಡುವಿಲ್ಲದವರೂ ಅವರೇ. ನಿಲ್ದಾಣದಲ್ಲಿ, ಶಾಲೆಯ ಗೇಟಿನಲ್ಲಿ, ಕಾರ್ಖಾನೆಯ ಪಾಳಿ ಬದಲಾಗುವ ಹೊತ್ತಿನಲ್ಲಿ ಹೋಗಿ ಕೇಳದೆ ಸಂಗ್ರಹಿಸಿದ ಅಭಿಪ್ರಾಯವನ್ನು ಜನಾಭಿಪ್ರಾಯ ಎನ್ನಲಾಗದು.

ಇನ್ನು ಕೆಲಸದ ಕ್ರಮ. ದೊಡ್ಡ ರೈಲು ಮಾರ್ಗಕ್ಕೆ ಯೋಚನೆಯಿಂದ ಓಟದವರೆಗೆ ದಶಕವೇ ಹಿಡಿಯುತ್ತದೆ. ಕೊಲಂಬಿಯಾದ ರಾಜಧಾನಿ ಬೊಗೊಟಾ ತನ್ನ ಟ್ರಾನ್ಸ್‌ಮಿಲೇನಿಯೊ ಬಸ್ ವ್ಯವಸ್ಥೆಯ ಮೊದಲ ಹಂತವನ್ನು ಒಬ್ಬ ಮೇಯರನ ಮೂರು ವರ್ಷದ ಅವಧಿಯೊಳಗೇ ರೂಪಿಸಿ 2000ದ ಡಿಸೆಂಬರಿನಲ್ಲಿ ಓಡಿಸಿತು. ಅದಕ್ಕಿಂತ ಸಣ್ಣ ಕೆಲಸಗಳಿಗೆ ಇನ್ನೂ ಕಡಿಮೆ ಸಮಯ ಸಾಕು: ಬಸ್ಸಿಗೆ ಬಣ್ಣ ಬಳಿದ ಪ್ರತ್ಯೇಕ ಪಥ, ಜಂಕ್ಷನ್ನಿನಲ್ಲಿ ಬಸ್ಸು ಬಂದಾಗ ಹಸಿರಾಗುವ ಸಿಗ್ನಲ್, ಪಕ್ಕದ ಎರಡು ಸಂಸ್ಥೆಗಳ ವೇಳಾಪಟ್ಟಿಯನ್ನು ಹೊಂದಿಸುವುದು, ಎರಡರಲ್ಲೂ ನಡೆಯುವ ಟಿಕೆಟ್, ನಿಲ್ದಾಣದ ಸುತ್ತಲಿನ ಒಂದು ಕಿಲೋಮೀಟರಿನಲ್ಲಿ ಮುರಿದುಹೋದ ಪಾದಚಾರಿ ಮಾರ್ಗಗಳ ದುರಸ್ತಿ, ಗಡಿಯಲ್ಲಿ ನಿಂತುಹೋದ ಸೈಕಲ್ ಪಥದ ಉಳಿದ ಇನ್ನೂರು ಮೀಟರ್. ಮೂವತ್ತು ವರ್ಷದ ಯೋಜನೆಯೊಂದು ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಮೊದಲ ಎರಡು ವರ್ಷಗಳ ಪುಟವನ್ನು. ಅಲ್ಲಿ ಈ ಕೆಲಸಗಳಿವೆಯೇ, ಒಂದೊಂದಕ್ಕೂ ಹಣ ತೆಗೆದಿಟ್ಟಿದ್ದಾರೆಯೇ, ಎರಡೂ ಕಡೆಯ ಆಡಳಿತಗಳು ಸಹಿ ಹಾಕಿವೆಯೇ ಎಂದು ನೋಡುತ್ತೇನೆ. ಆ ಪುಟದಲ್ಲಿ ಸಾಧ್ಯತಾ ಅಧ್ಯಯನಗಳೇ ತುಂಬಿದ್ದರೆ, ಸಹಿಯ ಜಾಗ ಖಾಲಿ ಇದ್ದರೆ, ಆ ಯೋಜನೆಯನ್ನು ಮಂಡಿಸಿದವರನ್ನು ಅಲ್ಲೇ ತಡೆದು, ಅದನ್ನು ತುಂಬಿಸಿ ತರುವಂತೆ ಕೇಳುವ ಹಕ್ಕು ಆ ಪ್ರದೇಶದಲ್ಲಿ ಓಡಾಡುವ ಪ್ರತಿಯೊಬ್ಬರಿಗೂ ಇದೆ.